‘ಏನು ಬಿಟ್ಟೀರಿ?’ ಎಂದು ಕೇಳುತ್ತ ಬಂದ ಶಬಾನಾ ಮೇಡಂ

ಮುರಿದ ಮೂಳೆಯನ್ನು ಕೂಡಿಸುವ ವೈದ್ಯರು ಬಳ್ಳಾರಿ ಸೀಮೆಯಲ್ಲಿ ಹಲವರಿದ್ದಾರೆ. ಕೂಡಿದ ಮೇಲೆ ರೋಗಿಯನ್ನು ಎಬ್ಬಿಸಿ ನಿಲ್ಲಿಸಿ ನಡೆಸುವ ನನ್ನಂಥ ಫಿಜಿಯೊಥೆರಪಿಯವರೂ ಅಲ್ಲಲ್ಲಿ ಇದ್ದೇವೆ. ಆದರೆ ಮೂಳೆ ಮುರಿಯುವುದಕ್ಕೆ ಮೊದಲೇ ಮನೆಯ ಬಾಗಿಲಿಗೆ ಹೋಗಿ, ಗಡಿಗೆಯಲ್ಲಿ ಏನಿದೆ, ತಟ್ಟೆಯಲ್ಲಿ ಏನಿಲ್ಲ ಎಂದು ವಿಚಾರಿಸಿ, ಆಹಾರದಿಂದಲೇ ಎಲುಬು ಕೀಲುಗಳನ್ನು ಕಾಯುವ ಕೆಲಸವನ್ನು ಮೂವತ್ತಕ್ಕೂ ಹೆಚ್ಚು ವರ್ಷ ಒಂದೇ ನಿಷ್ಠೆಯಿಂದ ಮಾಡಿದವರು ನಮ್ಮ ಟ್ರಸ್ಟಿನ ಆಸ್ಪತ್ರೆಗಳ ಪಥ್ಯಾಹಾರ ತಜ್ಞೆ ಶ್ರೀಮತಿ ಶಬಾನಾ ಇಮಾಮಹುಸೇನ್ ಅವರು. ಸಿರುಗುಪ್ಪದಲ್ಲಿ ಆರಂಭವಾಗಿ, ಕುರುಗೋಡಿನಲ್ಲಿ ಬೆಳೆದು, ಬಳ್ಳಾರಿ ನಗರದಲ್ಲಿ ಹಣ್ಣಾದ ಅವರ ಸೇವೆ ಈ ತಿಂಗಳು ಮುಗಿಯುತ್ತಿದೆ. ಅವರ ಗೌರವಾರ್ಥವಾಗಿ ಹೊರಬರುತ್ತಿರುವ ಈ ಸಂಪುಟಕ್ಕೆ ನಾಲ್ಕು ಮಾತು ಬರೆದುಕೊಡಿ ಎಂದು ಸಂಪಾದಕರಾದ ಚಿದಾನಂದಪ್ಪನವರು ಕೇಳಿದಾಗ ಸಂತೋಷಪಡುವುದರ ಬದಲು ನಾನು ಹೆದರಿದೆ.

ಹೆದರುವುದು ನನ್ನ ಹುಟ್ಟುಗುಣ. ವೃತ್ತಿಯೂ ಅದಕ್ಕೆ ನೀರೆರೆದಿದೆ. ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಒದ್ದೆ ನೆಲದ ಮೇಲೆ, ಅಂಚು ಮಡಚಿದ ಚಾಪೆಯ ಮೇಲೆ, ಬೆಳಕಿಲ್ಲದ ಹೊಸ್ತಿಲ ಮೇಲೆ. ಮದುವೆಮನೆಯಲ್ಲಿ ಮುದುಕರು ಊಟಕ್ಕೆ ಏಳುವಾಗ ನಾನು ತುತ್ತು ಕೈಯಲ್ಲೇ ಹಿಡಿದು ಕುಳಿತಿರುತ್ತೇನೆ. ‘ನಮ್ಮವರಿಗೆ ಲೋಕವೆಲ್ಲಾ ಬಚ್ಚಲಮನಿ’ ಎಂದು ನನ್ನ ಹೆಂಡತಿ ಶ್ರೀವಲ್ಲಿ ನಗುತ್ತಾಳೆ. ಇಂಥವನು ಅಭಿನಂದನೆ ಬರೆದರೆ ಅದು ಅಂಜಿಕೆಯ ಕಥೆಯೇ ಆದೀತು ಎಂದು ಚಿದಾನಂದಪ್ಪನವರಿಗೆ ಹೇಳಿದೆ. ಹಾಗೇ ಬರೆಯಿರಿ ಎಂದರು. ಬರೆಯುತ್ತಿದ್ದೇನೆ.

ನಾನು ಸಿರುಗುಪ್ಪದ ಶಾಖೆಗೆ ಸೇರಿದಾಗ ಮೇಡಂ ಅಲ್ಲಿ ಆಗಲೇ ಹಳಬರು. ಸುತ್ತ ಕಾಲುವೆ ನೀರು, ಕಣ್ಣು ಹಾಯಿಸಿದಷ್ಟು ದೂರ ಭತ್ತ, ಊರ ತುಂಬ ಅಕ್ಕಿ ಗಿರಣಿಗಳು. ಅಂಥ ಸಿರಿವಂತ ಸೀಮೆಯಲ್ಲಿ ಜನ ಮೊಣಕಾಲು ಹಿಡಿದುಕೊಂಡು ಬರುತ್ತಿದ್ದುದು ನನಗೆ ಅರ್ಥವಾಗುತ್ತಿರಲಿಲ್ಲ. ಅವರಲ್ಲೊಬ್ಬ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ ಮರಿಬಸಪ್ಪ. ಒಂದು ಕಾಲದಲ್ಲಿ ಎತ್ತಿನಂಥ ಆಳು, ನಾನು ನೋಡಿದಾಗ ಗೋಡೆ ಹಿಡಿದು ನಡೆಯುತ್ತಿದ್ದ. ಏನು ಊಟ ಮಾಡುತ್ತೀ ಎಂದು ನಾನು ಕೇಳಿದರೆ, ‘ಎಲ್ಲಾ ಉಣ್ತೀನ್ರಿ, ದೇವರು ಕೊಟ್ಟಾನ’ ಎಂದ. ನಾನು ಹಾಗೆಯೇ ನಂಬಿದೆ. ಮೇಡಂ ಅವನನ್ನು ತಮ್ಮ ಬೆಂಚಿನ ಮೇಲೆ ಕೂಡಿಸಿಕೊಂಡು ಬೇರೆಯದೇ ಪ್ರಶ್ನೆ ಕೇಳಿದರು.

‘ಬಸಪ್ಪಾ, ಏನೇನು ಬಿಟ್ಟೀರಿ?’

ಆಗ ಹೊರಬಂತು. ಮೊಣಕಾಲು ಮೊದಲ ಸಲ ನೊಂದಾಗ ಯಾರೋ ಅದು ವಾಯು ಎಂದಿದ್ದರು. ಅವನು ಮೊಸರು ಬಿಟ್ಟ. ಬೇಳೆ ವಾಯು ಎಂದು ಇನ್ನೊಬ್ಬರು ಹೇಳಿದರು, ಬೇಳೆ ಬಿಟ್ಟ. ಶೇಂಗಾ ಪಿತ್ತ, ಸೊಪ್ಪು ಶೀತ, ಸಜ್ಜೆ ರೊಟ್ಟಿ ಉಷ್ಣ. ನೋವು ಹೆಚ್ಚಾದಂತೆಲ್ಲ ಒಂದೊಂದನ್ನು ಬಿಡುತ್ತ, ಬಿಟ್ಟಂತೆಲ್ಲ ನೋವು ಹೆಚ್ಚಾಗುತ್ತ, ಕೊನೆಗೆ ಅವನ ತಟ್ಟೆಯಲ್ಲಿ ಉಳಿದದ್ದು ಬಿಳಿ ಅನ್ನ, ತಿಳಿಸಾರು, ಉಪ್ಪಿನಕಾಯಿ. ಅಂಜಿದವನ ಮೇಲೆ ಕಪ್ಪೆ ಎಸೆದರು ಎಂಬಂತೆ, ನಮ್ಮ ಆಸ್ಪತ್ರೆಯಲ್ಲಿಯೇ ಒಬ್ಬರು ಅವನ ಎಕ್ಸರೇ ತೋರಿಸಿ ‘ಎಲುಬು ಸೀಮೆಸುಣ್ಣ ಆಗ್ಯಾವ ನೋಡು’ ಎಂದು ಬೆದರಿಸಿದ್ದರು. ಅಂದಿನಿಂದ ಅವನು ಅಂಗಳಕ್ಕಿಳಿದು ಬಿಸಿಲು ಕಾಯುವುದನ್ನೂ ಬಿಟ್ಟಿದ್ದ.

ಮೇಡಂ ಬೆದರಿಸಲಿಲ್ಲ. ‘ಅಂಜಿಸಿದ್ರ ಮಂದಿ ಇನ್ನೊಂದು ಬಿಡ್ತಾರ, ಸಂಕರ್ಷಣ ಅವರ’ ಎಂದು ನನಗೆ ಆಮೇಲೆ ಹೇಳಿದರು. ಅವನಿಗೆ ಹೇಳಿದ್ದು ಇಷ್ಟೇ: ‘ಹೋದವರನ್ನ ಒಬ್ಬೊಬ್ಬರನ್ನ ವಾಪಸ್ ಕರಕೊಂಡು ಬರೂಣು. ಈ ವಾರ ಮಜ್ಜಿಗಿ ಬರ್ಲಿ. ಅದು ಏನೂ ಮಾಡ್ಲಿಲ್ಲಂದ್ರ ಬರೂ ವಾರ ಬ್ಯಾಳಿ ಬರ್ಲಿ.’ ಹಾಗೆ ಮಜ್ಜಿಗೆ ಬಂತು, ಬೇಳೆ ಬಂತು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಂತು, ನುಗ್ಗೆಸೊಪ್ಪು ಬಂತು, ಮುಂಜಾನೆಯ ಎಳೆ ಬಿಸಿಲೂ ಬಂತು. ಎಲುಬಿಗೆ ಸುಣ್ಣದಂಶ ಬೇಕೆಂದು ಎಲ್ಲರಿಗೂ ಗೊತ್ತು. ಅದನ್ನು ಹಿಡಿದಿಡಲು ಬಿಸಿಲು ಬೇಕು, ಎಲುಬಿನ ಸುತ್ತ ಇರುವ ಮಾಂಸಖಂಡಕ್ಕೆ ಬೇಳೆಕಾಳು ಬೇಕು, ಇಷ್ಟೆಲ್ಲ ತಿಂದ ಮೇಲೆ ನಡೆಯಲೂ ಬೇಕು ಎಂಬುದನ್ನು ಅವರು ಉಪನ್ಯಾಸ ಮಾಡದೆ ಹೇಳುತ್ತಿದ್ದರು. ಕೆಂಚನಗುಡ್ಡದ ಕಡೆಯ ಹೊಳೆದಂಡೆಯ ಜನಕ್ಕೆ ಸಣ್ಣ ಮೀನನ್ನು ಮುಳ್ಳುಸಮೇತ ಹುರಿದು ತಿನ್ನಿ ಎನ್ನುವರು. ಮೀನು ಮುಟ್ಟದವರಿಗೆ ಎಳ್ಳು, ರಾಗಿ, ರಾಜಗಿರಿ ಸೊಪ್ಪು. ಮರಿಬಸಪ್ಪ ಮತ್ತೆ ಮೂಟೆ ಹೊರಲಿಲ್ಲ, ಸುಳ್ಳು ಹೇಳಬಾರದು. ಆದರೆ ಗೋಡೆ ಬಿಟ್ಟು ನಡೆದ.

ಮುಂದೆ ಮೇಡಂ ಕುರುಗೋಡಿಗೆ ಹೋದರು. ಕೆಲವು ಕಾಲದ ಮೇಲೆ ನಾನೂ ಹೋದೆ. ಅಲ್ಲಿ ಮೆಣಸಿನಕಾಯಿ ಬಿಡಿಸುವ ಹೆಣ್ಣುಮಕ್ಕಳು ಸೊಂಟ ಹಿಡಿದುಕೊಂಡು ಬರುತ್ತಿದ್ದರು. ಏನು ಬಿಟ್ಟೀರಿ ಎಂದರೆ ಮೊದಮೊದಲು ಏನೂ ಇಲ್ಲ ಎನ್ನುವರು. ಕೊನೆಗೆ ಒಬ್ಬ ಗಟ್ಟಿ ಹೆಂಗಸು, ‘ನೀರು ಬಿಟ್ಟೀನ್ರಿ ಮೇಡಂ. ಹೊಲದಾಗ ಮರೆಗೆ ಒಂದು ಗಿಡ ಇಲ್ಲ, ಗಂಡಸರು ಅಡ್ಡಾಡ್ತಾರ, ಎಲ್ಲಿ ಹೋಗಾಕಾಗ್ತೈತಿ?’ ಎಂದಳು. ನೀರು ಕುಡಿಯಬಾರದೆಂದು ಮುಂಜಾನೆಯ ರೊಟ್ಟಿಯನ್ನೂ ಅರ್ಧಕ್ಕೆ ನಿಲ್ಲಿಸುತ್ತಿದ್ದರಂತೆ. ಮೇಡಂ ಹೊಲದ ಮಾಲೀಕರ ಬೆನ್ನು ಹತ್ತಿ, ಕಾಡಿ ಬೇಡಿ, ಹೊಲದ ಮೂಲೆಗಳಲ್ಲಿ ತಟ್ಟಿಯ ಮರೆ ಕಟ್ಟಿಸಿದರು. ಪಥ್ಯಾಹಾರ ತಜ್ಞೆಗೆ ತಟ್ಟಿ ಕಟ್ಟಿಸುವ ಕೆಲಸವೇಕೆ ಎಂದು ಆಡಿಕೊಂಡವರಿದ್ದರು. ಜನ ಊಟ ಬಿಡುವುದು ಬಡತನಕ್ಕೆ ಮಾತ್ರವಲ್ಲ, ಅಂಜಿಕೆಗೂ ಎಂಬ ಪಾಠ ನನಗೆ ಅಲ್ಲಿ ಆಯಿತು. ಆ ಪಾಠ ನಮ್ಮ ಮನೆಗೇ ಬರುತ್ತದೆಂದು ಮಾತ್ರ ಗೊತ್ತಿರಲಿಲ್ಲ.

ಆ ಬಳಿಕ ಇಬ್ಬರೂ ಬಳ್ಳಾರಿಯ ಆಸ್ಪತ್ರೆಗೆ ಬಂದೆವು. ಅಲ್ಲಿಯ ಪಾರ್ವತಿನಗರದಲ್ಲಿ ನಮ್ಮ ಮನೆ. ತಾಯಿ ಅಂಬುಜಮ್ಮನವರು ಮಡಿ, ಏಕಾದಶಿ, ಚಾತುರ್ಮಾಸ್ಯ ಒಂದನ್ನೂ ತಪ್ಪಿಸಿದವರಲ್ಲ. ನಮ್ಮಲ್ಲಿ ಚಾತುರ್ಮಾಸ್ಯದ ನಾಲ್ಕು ತಿಂಗಳಿಗೆ ನಾಲ್ಕು ವ್ರತ: ಮೊದಲ ತಿಂಗಳು ಕಾಯಿಪಲ್ಲೆ ಇಲ್ಲ, ಎರಡನೆಯ ತಿಂಗಳು ಮೊಸರಿಲ್ಲ, ಮೂರನೆಯ ತಿಂಗಳು ಹಾಲಿಲ್ಲ, ನಾಲ್ಕನೆಯ ತಿಂಗಳು ಬೇಳೆಕಾಳಿಲ್ಲ. ತಂದೆಯವರು ತೀರಿಕೊಂಡ ಮೇಲೆ ತಾಯಿಯವರು ಒಪ್ಪತ್ತನ್ನೂ ಹಿಡಿದರು. ಎಂದರೆ ಹಗಲು ಒಂದೇ ಊಟ, ಸಂಜೆ ಬರೀ ಫಲಾಹಾರ. ಬರಬರುತ್ತ ಫಲಾಹಾರವೂ ನಿಂತಿತು. ಮಧ್ಯಾಹ್ನದ ಮೇಲೆ ನೀರು ಕೂಡ ಬೇಡವೆನ್ನತೊಡಗಿದರು. ಬಂದವರೆಲ್ಲ ‘ಎಂಥಾ ನಿಷ್ಠಿ ಅಂಬಕ್ಕನದು’ ಎಂದು ಕೈಮುಗಿದು ಹೋಗುತ್ತಿದ್ದರು. ಮನೆಯವರಾದ ನಮಗೂ ಅದೊಂದು ಹೆಮ್ಮೆಯೇ ಆಗಿತ್ತು. ಅವರ ಬೆನ್ನು ಬಾಗುತ್ತಿತ್ತು, ಕುಪ್ಪಸದ ತೋಳು ಸಡಿಲವಾಗುತ್ತಿತ್ತು. ವಯಸ್ಸು ಎಂದುಕೊಂಡೆವು.

ಒಂದು ನವರಾತ್ರಿಯ ಹೊತ್ತಿಗೆ ಮೇಡಂ ನಮ್ಮ ಮನೆಗೆ ಬಂದರು. ಬೊಂಬೆ ನೋಡಲೆಂದು ಶ್ರೀವಲ್ಲಿ ಕರೆದಿದ್ದಳು. ತಾಯಿಯವರ ಮಡಿ ತಿಳಿದಿದ್ದ ಮೇಡಂ, ‘ನಾ ಇಲ್ಲೇ ಕುಂದರ್ತೀನಿ ಅಮ್ಮಾರ’ ಎಂದು ಪಡಸಾಲೆಯ ಬಾಗಿಲ ಬಳಿಯ ಕುರ್ಚಿಯಲ್ಲೇ ಕುಳಿತರು. ತಾಯಿಯವರು ದೇವರಮನೆಯ ಹೊಸ್ತಿಲಲ್ಲಿ. ನಡುವೆ ಅಷ್ಟು ದೂರ ಇಟ್ಟುಕೊಂಡೇ ಮಾತು ನಡೆಯಿತು.

‘ಈಗ ಯಾವ ವ್ರತ ನಡದೈತ್ರಿ ಅಮ್ಮಾರ?’

‘ಕ್ಷೀರವ್ರತ. ಹಾಲಿಲ್ಲ.’

‘ಹಂಗಾರ ಮೊಸರು ನಡೀತೈತಲ್ಲ. ನಿಮ್ಮ ಹಿರೇರು ಲೆಕ್ಕ ಹಾಕೇ ಇಟ್ಟಾರ, ಹಾಲು ಹ್ವಾದಾಗ ಮೊಸರು, ಮೊಸರು ಹ್ವಾದಾಗ ಹಾಲು. ಎರಡೂ ಕೂಡೇ ಬಿಡ್ರಿ ಅಂತ ಹೇಳಿಲ್ಲ.’

‘ಮೊಸರು ಹಿಂದಿನ ತಿಂಗಳ ಬಿಟ್ಟಿದ್ದೆ. ಮತ್ತ ಹಚ್ಚಿಕೊಳ್ಳಲಿಲ್ಲ.’

‘ಮತ್ತೇನು ಬಿಟ್ಟೀರಿ?’

‘ಸಂಜಿ ಫಲಾಹಾರ.’

‘ನೀರು?’

ತಾಯಿಯವರು ಸೆರಗು ಹೊದ್ದುಕೊಂಡು ದೇವರ ಕಡೆಗೆ ಮುಖ ತಿರುಗಿಸಿದರು. ಮೇಡಂ ಕೈ ತೊಳೆಯಬೇಕೆಂದು ಹೇಳಿ, ಶ್ರೀವಲ್ಲಿಯ ಜೊತೆ ಹಿತ್ತಲಿಗೆ ಹೋದರು. ನಮ್ಮದು ಹಳೆಯ ಕಾಲದ ಕಟ್ಟು. ಪಾಯಖಾನೆ ಹಿತ್ತಲ ಆ ತುದಿಗೆ. ಅಲ್ಲಿಗೆ ಹೋಗಲು ನಲ್ಲಿಯ ಪಕ್ಕದ ಬಂಡೆಹಾಸು ದಾಟಬೇಕು. ಆ ಬಂಡೆ ಸದಾ ಒದ್ದೆ, ಅಂಚಿಗೆ ಪಾಚಿ. ಮೇಡಂ ಒಳಗೆ ಬಂದು ಮೊದಲಿನ ಕುರ್ಚಿಯಲ್ಲೇ ಕುಳಿತು, ಬಹಳ ಮೆತ್ತಗೆ ಹೇಳಿದರು.

‘ಅಮ್ಮಾರ, ತಪ್ಪು ತಿಳಕೋಬ್ಯಾಡ್ರಿ. ಈ ಉಪಾಸ ನೀವು ದೇವರಿಗೆ ಹಿಡಿದದ್ದಲ್ಲ. ಹಿತ್ತಲದಾಗಿನ ಆ ಬಂಡೆಗಲ್ಲಿಗೆ ಹಿಡಿದದ್ದು.’

ತಾಯಿಯವರು ಸಿಟ್ಟಾಗುತ್ತಾರೆ, ಎದ್ದು ಒಳಗೆ ಹೋಗುತ್ತಾರೆ ಎಂದುಕೊಂಡೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ತಂದೆ ಹೋದಾಗಲೂ ಅವರು ನಮ್ಮೆದುರು ಹಾಗೆ ಅತ್ತಿರಲಿಲ್ಲ.

‘ರೂಪನಗುಡಿಯಾಗ ನಮ್ಮಕ್ಕ ಹಿಂಗೇ ಸಂಜಿಮುಂದ ಹಿತ್ತಲಕ್ಕ ಹೋಗಿ ಬಿದ್ದಳಮ್ಮಾ. ತೊಡಿ ಎಲುಬು ಮುರೀತು. ಹಾಸಿಗಿ ಹಿಡಿದಾಕಿ ಏಳಲಿಲ್ಲ. ಬೆನ್ನೆಲ್ಲಾ ಹುಣ್ಣಾಗಿ ಹೋದಳು. ಆ ವಾಸನಿ ಇನ್ನೂ ನನ್ನ ಮೂಗಿನಾಗ ಅದ. ನನಗ ಸಾವಿನ ಅಂಜಿಕಿ ಇಲ್ಲ. ಹಾಂಗ ಬಿದ್ದಿರೋದರ ಅಂಜಿಕಿ ಅದ.’

‘ಅಂಜಿಕಿ ಸುಳ್ಳಲ್ಲರಿ ಅಮ್ಮಾರ,’ ಎಂದರು ಮೇಡಂ. ‘ಆದ್ರ ಒಂದು ಕೇಳ್ತೀನಿ. ನಿಮ್ಮ ಅಕ್ಕಾರು ಬಿದ್ದು ಸೊರಗಿದ್ರೋ, ಸೊರಗಿ ಬಿದ್ರೋ? ಉಪಾಸ ಮಾಡಿದ್ರ ಅಂಜಿಕಿ ಸೊರಗಂಗಿಲ್ಲ, ಎಲುಬು ಸೊರಗ್ತಾವು. ನಮ್ಮಾಗ ರೋಜಾ ಇಡಾಕೂ ನಸುಕಿನ್ಯಾಗ ಉಂಡೇ ಇಡಬೇಕು. ಉಣ್ಣಲಾರದ ಹಟ ಮಾಡೋದು ಭಕ್ತಿ ಅಂತ ನಿಮ್ಮಾಗೂ ಹೇಳಿಲ್ಲ, ನಮ್ಮಾಗೂ ಹೇಳಿಲ್ಲ.’

ಮರುದಿನವೇ ಕಲ್ಲುಕುಟಿಗನನ್ನು ಕರೆಸಿ ಕಾಲು ಜಾರದಂತೆ ಬಂಡೆಗೆ ಕಚ್ಚು ಹೊಡೆಸಿದೆ, ಗೋಡೆಗುಂಟ ಹಿಡಿಕೆಯ ಪೈಪು ಹಾಕಿಸಿದೆ, ದೀಪ ಹಾಕಿಸಿದೆ. ವ್ರತಗಳನ್ನು ಮೇಡಂ ಒಂದನ್ನೂ ಮುರಿಸಲಿಲ್ಲ. ಹಾಲಿಲ್ಲದ ತಿಂಗಳು ಮಜ್ಜಿಗೆ, ಮೊಸರಿಲ್ಲದ ತಿಂಗಳು ಹಾಲು, ಬೇಳೆಯಿಲ್ಲದ ತಿಂಗಳು ಎರಡೂ. ಒಪ್ಪತ್ತಿನ ಸಂಜೆಗೆ ಹೊತ್ತು ಮುಳುಗುವ ಮೊದಲೇ ಅವಲಕ್ಕಿ, ಬಾಳೆಹಣ್ಣು. ವ್ರತವಿಲ್ಲದ ದಿನಗಳಲ್ಲಿ ಎಳ್ಳುಂಡೆ, ರಾಗಿ, ನುಗ್ಗೆಸೊಪ್ಪು. ಜೊತೆಗೆ ಡಾಕ್ಟರು ಬರೆದ ಮಾತ್ರೆ. ತಾಯಿಯವರ ಬೆನ್ನು ನೆಟ್ಟಗಾಗಲಿಲ್ಲ, ಆದರೆ ಇನ್ನಷ್ಟು ಬಾಗಲಿಲ್ಲ. ಕೊರೊನಾ ಮುಗಿದ ಮೇಲಿನ ಒಂದು ದಿನ ನಾವು ಹೆದರಿದ್ದೇ ನಡೆಯಿತು. ದೇವರಮನೆಯಲ್ಲಿ ಕಾಲು ಜಾರಿ ಅವರು ಬಿದ್ದರು. ಎಕ್ಸರೇ ಬರುವ ತನಕ ನಾನು ಆಸ್ಪತ್ರೆಯ ಪಡಸಾಲೆಯಲ್ಲಿ ನಿಂತೇ ಇದ್ದೆ. ಎಷ್ಟೋ ಜನರ ತೊಡೆಮೂಳೆಯ ಚಿತ್ರ ನೋಡಿದವನು ನಾನು. ತಾಯಿಯ ಚಿತ್ರ ನೋಡಲು ಧೈರ್ಯವಾಗದೆ ಮೇಡಂ ಕೈಗೆ ಕೊಟ್ಟೆ. ಅವರು ಬೆಳಕಿಗೆ ಹಿಡಿದು ನೋಡಿ, ‘ಮುರದಿಲ್ಲ. ಮನಿಗೆ ಕರಕೊಂಡು ಹೋಗಿ ಏನರ ಉಣ್ಣಾಕ ಕೊಡ್ರಿ’ ಎಂದರು. ಸೊಂಟದ ಮೇಲೆ ಕಪ್ಪಗೆ ಬಾಸುಂಡೆ ಎದ್ದಿತ್ತು, ಅಷ್ಟೇ. ಆ ಋಣ ಈ ಲೇಖನದಿಂದ ತೀರುವಂಥದಲ್ಲ.

ಇಲ್ಲಿಗೇ ಮುಗಿಸಿದ್ದರೆ ಇದು ಒಳ್ಳೆಯ ಅಭಿನಂದನ ಲೇಖನವಾಗುತ್ತಿತ್ತು. ಆದರೆ ಈ ವರ್ಷ ನಡೆದದ್ದನ್ನು ಬಿಟ್ಟರೆ ನಾನು ಮೇಡಂ ಶಿಷ್ಯನಲ್ಲ.

ಜನವರಿಯಲ್ಲಿ ಮೇಡಂ ಕೌಲ್ ಬಜಾರಿನ ತಮ್ಮ ಮನೆಯ ಬಚ್ಚಲಲ್ಲಿ ಜಾರಿ ಬಿದ್ದರು. ಎಡಗೈ ಮಣಿಕಟ್ಟು ಬಿರುಕು ಬಿಟ್ಟಿತು. ಮೂಳೆಯ ಸಾಂದ್ರತೆಯ ಪರೀಕ್ಷೆಯೂ ಆಯಿತು. ಎಲುಬು ತೆಳುವಾಗಿದೆ ಎಂದು ಬಂತು. ಊರಿಗೆಲ್ಲ ಉಣ್ಣಿಸಿದ ತಾಯಿಗೆ ಹೀಗೇಕೆ ಎಂದು ಜನ ಮರುಗಿದರು. ಅದರಲ್ಲಿ ಆಶ್ಚರ್ಯವೇನಿಲ್ಲ; ಅವರ ತಾಯಿಗೂ ಹಾಗೇ ಇತ್ತು, ವಂಶಪಾರಂಪರ್ಯ ಎಂಬುದೊಂದಿದೆ, ಮತ್ತು ಉಂಡವರಿಗೂ ವಯಸ್ಸಾಗುತ್ತದೆ. ನನ್ನನ್ನು ಹೆದರಿಸಿದ್ದು ಪರೀಕ್ಷೆಯಲ್ಲ. ಕೈ ವಾಸಿಯಾಗಿ ಕೆಲಸಕ್ಕೆ ಬಂದ ಮೇಲೆ, ಸಂಜೆ ಚಹಾ ಬಂದರೆ ಮೇಡಂ ಲೋಟವನ್ನು ಹಾಗೇ ಪಕ್ಕಕ್ಕೆ ಸರಿಸುತ್ತಿದ್ದರು. ಅವರ ನೀರಿನ ಬಾಟಲಿ ಮುಂಜಾನೆ ತಂದಂತೆಯೇ ತುಂಬಿಕೊಂಡು ಮನೆಗೆ ಹೋಗುತ್ತಿತ್ತು. ಮೆಟ್ಟಿಲು ಇಳಿಯುವಾಗ ಗೋಡೆಗೆ ಬೆನ್ನು ಹಚ್ಚುತ್ತಿದ್ದರು. ಅವರ ಯಜಮಾನರು, ಜೀನ್ಸ್ ಬಟ್ಟೆಯ ಕಟಿಂಗ್ ಮಾಸ್ತರರಾದ ಇಮಾಮಹುಸೇನ್ ಸಾಹೇಬರು, ಒಮ್ಮೆ ನನ್ನನ್ನು ಗೇಟಿನ ಬಳಿ ನಿಲ್ಲಿಸಿಕೊಂಡು, ‘ರಾತ್ರಿ ಉಣ್ಣಾದು ಬಿಟ್ಟಾಳ್ರಿ. ಹಸಿವಿಲ್ಲ ಅಂತಾಳ. ನೀವು ಒಂದು ಮಾತು ಹೇಳ್ರಿ’ ಎಂದರು.

ನಾನು ಹೇಳಲಾರದೆ ಹೋದೆ. ಗುರುವಿನ ಸ್ಥಾನದಲ್ಲಿರುವವರಿಗೆ ಅವರದೇ ಪಾಠ ಒಪ್ಪಿಸುವುದು ಹೇಗೆ? ತೊಡೆಮೂಳೆ ಮುರಿದವರ ಹಾಸಿಗೆಯನ್ನು ನಮಗಿಂತ ಹತ್ತಿರದಿಂದ ಕಂಡವರು ಅವರು. ತಿಳಿಯದವರ ಅಂಜಿಕೆಯನ್ನು ತಿಳಿದವರು ಬಿಡಿಸಬಹುದು. ತಿಳಿದವರ ಅಂಜಿಕೆಯನ್ನು ಬಿಡಿಸುವವರು ಯಾರು? ಮನೆಗೆ ಬಂದು ತಾಯಿಯವರ ಮುಂದೆ ಹೇಳಿಕೊಂಡೆ. ಎಂಬತ್ತು ದಾಟಿದ ಅವರು ಕೇಳಿಸಿಕೊಂಡು, ‘ಆಟೋ ಕರಿ’ ಎಂದರು.

ನಮ್ಮ ತಾಯಿಯವರು ಕೌಲ್ ಬಜಾರಿನ ಆ ಮನೆಯ ಮೆಟ್ಟಿಲನ್ನು ಹತ್ತಿದ್ದು ಅದೇ ಮೊದಲು. ಕೋಲೂರಿ ಒಂದೊಂದೇ ಮೆಟ್ಟಿಲು ಹತ್ತುವಾಗ ನಾನು ಹಿಂದೆ ಎರಡೂ ಕೈ ಚಾಚಿಕೊಂಡು ನಿಂತಿದ್ದೆ. ಮೇಡಂ ಗಾಬರಿಯಿಂದ ಎದ್ದು ಬಂದರು. ತಾಯಿಯವರು ಒಳಗೆ ಹೋಗಲಿಲ್ಲ. ಬಾಗಿಲ ಬಳಿಯ ಕುರ್ಚಿಯನ್ನೇ ಆರಿಸಿಕೊಂಡು ಕುಳಿತು, ‘ನಾನು ಇಲ್ಲೇ ಕೂಡ್ತೀನಿ’ ಎಂದರು. ಸುಧಾರಿಸಿಕೊಂಡು ಕೇಳಿದರು:

‘ಏನು ಬಿಟ್ಟೀರಮ್ಮಾ?’

ಮೇಡಂ ನಗಲು ನೋಡಿದರು. ‘ಏನಿಲ್ರಿ ಅಮ್ಮಾರ...’

‘ಸಂಜಿ ಊಟ ಬಿಟ್ಟೀರಿ. ನೀರು ಬಿಟ್ಟೀರಿ. ಇದು ರಂಜಾನ್ ತಿಂಗಳಲ್ಲ. ಈ ರೋಜಾ ಯಾರಿಗೆ ಹಿಡಿದೀರಿ?’

ಮೇಡಂ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು. ‘ನನಗ ಅಂಜಿಕಿ ಐತ್ರಿ,’ ಎಂದರು. ‘ಎಲ್ಲಾ ಗೊತ್ತೈತಿ, ಆದ್ರೂ ಅಂಜಿಕಿ ಐತಿ. ರಾತ್ರಿ ಏಳಬೇಕಾಗ್ತೈತಿ ಅಂತ ಮುಂಜಾನಿಂದನ ಅಂಜ್ತೀನಿ.’ ಅವರು ಹಾಗೆ ಹೇಳಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಕೇಳುವ ಧೈರ್ಯವೂ ನನಗೆ ಇರಲಿಲ್ಲ.

‘ನನಗೂ ಇನ್ನೂ ಅದ,’ ಎಂದರು ತಾಯಿಯವರು. ‘ಅದು ಹೋಗೂದಿಲ್ಲ. ಅಂಜಿಕೋತನ ಉಣ್ಣಬೇಕು.’

ಸೆರಗಿನ ಗಂಟಿನಿಂದ ಮಡಿಯಲ್ಲಿ ಕಟ್ಟಿದ ಎಳ್ಳುಂಡೆ ತೆಗೆದುಕೊಟ್ಟರು. ಮೇಡಂ, ನೀವೂ ಏನಾದರೂ ತೆಗೆದುಕೊಂಡರೆ ಮಾತ್ರ ಎಂದರು. ಹೊರಗೆ ತೊಟ್ಟು ನೀರು ಮುಟ್ಟದ ನಮ್ಮ ತಾಯಿಯವರು ಸ್ವಲ್ಪ ಯೋಚಿಸಿ, ‘ಹಣ್ಣಿದ್ದರ ಕೊಡ್ರಿ’ ಎಂದರು. ಇಮಾಮಹುಸೇನ್ ಸಾಹೇಬರು ಓಡಿಹೋಗಿ ಬಾಳೆಹಣ್ಣು ತಂದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ತಿಂದರು. ಆಮೇಲೆ ಮೇಡಂ ಒಂದು ಲೋಟ ನೀರು ಕುಡಿದರು. ಸ್ವಲ್ಪ ಹೊತ್ತಿಗೆ ಎದ್ದು ಬಚ್ಚಲಿಗೆ ಹೋದರು. ನಾವು ಮೂವರೂ ಮಾತು ನಿಲ್ಲಿಸಿ, ಕಿವಿ ಆ ಕಡೆಗಿಟ್ಟು ಕುಳಿತೆವು. ನೀರಿನ ಸದ್ದು, ಚಿಲಕದ ಸದ್ದು, ಆಮೇಲೆ ಅವರ ಹೆಜ್ಜೆ. ಬಂದು ಕುಳಿತರು. ಮರುವಾರ ಆ ಬಚ್ಚಲಿಗೆ ಹಿಡಿಕೆಯ ಪೈಪು ನಾನೇ ನಿಂತು ಹಾಕಿಸಿದೆ.

ಇದನ್ನೆಲ್ಲ ಬರೆಯಬಹುದೇ ಎಂದು ಮೇಡಂ ಅವರನ್ನು ಕೇಳಿದೆ. ‘ಬರೀರಿ. ಓದಿದ ಒಬ್ಬಾಕಿ ಸಂಜಿಮುಂದ ನೀರು ಕುಡಿದ್ರ ಸಾಕು’ ಎಂದರು. ನಿವೃತ್ತಿಯ ನಂತರವೂ ಗುರುವಾರ ಮುಂಜಾನೆ ಬಳ್ಳಾರಿಯ ಆಸ್ಪತ್ರೆಗೆ ಬಂದು ತಮ್ಮ ಹಳೆಯ ಬೆಂಚಿನ ಮೇಲೆ ಕೂಡುವುದಾಗಿ ಒಪ್ಪಿದ್ದಾರೆ. ಬೆಂಚು ಕಾದಿರುತ್ತದೆ.

ಇಂಥ ಬರಹದ ಕೊನೆಗೆ ನೂರು ವರ್ಷ ಬಾಳಿರಿ ಎಂದು ಹರಸುವುದು ವಾಡಿಕೆ. ಹರಸುವ ವಯಸ್ಸು ನನ್ನದಲ್ಲ; ಬೇಡಿಕೊಳ್ಳುತ್ತೇನೆ. ಮೇಡಂ, ಪ್ರತಿ ಸಂಜೆ ಉಣ್ಣಿ, ಅಂಜಿಕೊಂಡೇ ಉಣ್ಣಿ. ಎದ್ದು ನಡೆಯಿರಿ, ಗೋಡೆ ಹಿಡಿದೇ ನಡೆಯಿರಿ. ನಮ್ಮ ಕಣ್ಣೆದುರು ಬಹುಕಾಲ ನಡೆಯುತ್ತಿರಿ. ಚಿದಾನಂದಪ್ಪನವರಲ್ಲಿಯೂ ಒಂದು ವಿನಂತಿ: ಸನ್ಮಾನದ ವೇದಿಕೆಯ ಮೆಟ್ಟಿಲಿಗೆ ಹಿಡಿಕೆ ಕಟ್ಟಿಸಿರಿ, ಮೇಲೆ ಜಾರುವ ಜಮಖಾನೆ ಹಾಸಬೇಡಿರಿ. ಸಮಾರಂಭ ಮುಗಿದ ಮೇಲೆ ಊಟವಿದೆಯಷ್ಟೆ. ನಮ್ಮ ತಾಯಿಯವರು ಹೊರಗೆ ಉಣ್ಣುವವರಲ್ಲ. ಆದರೂ ಅಂದು ಬಾಳೆಹಣ್ಣು ಹಿಡಿದುಕೊಂಡು ಮೇಡಂ ಅವರ ಪಕ್ಕದಲ್ಲೇ ಕೂಡುತ್ತಾರಂತೆ, ಅವರ ಊಟ ಮುಗಿಯುವ ತನಕ ಏಳುವುದಿಲ್ಲವಂತೆ.